ಗಾಜಿನ ಮೇಲೆ ಬಂಗಡೆ

ಡಿಸೈನ್ ಮಾಡುವವರು ಸಿಕ್ಕರೆ ಜನ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?" ಮುಖ ಗಂಭೀರ ಮಾಡಿಕೊಂಡು ಸಮುದ್ರ, ಸೂರ್ಯಾಸ್ತ ಎಂದೆಲ್ಲ ಹೇಳಬಹುದು. ಕಾರವಾರದಲ್ಲಿ ಹುಟ್ಟಿದವಳಿಗೆ ಎರಡೂ ಪುಕ್ಕಟೆ. ಆದರೆ ನಿಜ ಹೇಳುತ್ತೇನೆ, ನನ್ನನ್ನು ಡಿಸೈನರ್ ಮಾಡಿದ್ದು ಒಂದು ಬಂಗಡೆ ಮೀನು. ಅದೂ ಶ್ರಾವಣದಲ್ಲಿ ಕೊಂಡ ಬಂಗಡೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾರವಾರ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ನನಗೆ ಕೆಲಸ. ಬಾಂಡ್ ಪೇಪರು, ಅರ್ಜಿ, ಮದುವೆ ಕಾರ್ಡು ಟೈಪ್ ಮಾಡುವುದು. ನನಗೋ ಕೈ ಸುಮ್ಮನಿರುತ್ತಿರಲಿಲ್ಲ. ಬಂದರಿನಲ್ಲಿ ದೋಣಿಗಳ ಮೂತಿಗೆ ಬಳಿದ ಕೆಂಪು-ಹಳದಿ ಪಟ್ಟಿಯನ್ನು ಯಾರದೋ ಮದುವೆ ಕಾರ್ಡಿಗೆ ಅಂಚು ಮಾಡಿಬಿಡುತ್ತಿದ್ದೆ. ಅಜ್ಜಿ ಬಿಸಿಲಿಗೆ ಒಣಹಾಕಿದ ಮುರುಗಲು ಸಿಪ್ಪೆಯ ಕಡುಗೆಂಪು ಬಣ್ಣವನ್ನು ಸೊಸೈಟಿಯ ಕ್ಯಾಲೆಂಡರಿಗೆ ಸುರಿದಿದ್ದೆ. ಗಿರಾಕಿಗಳಿಗೆ ಖುಷಿ. ಅಂಗಡಿಯ ಯಜಮಾನರಿಗೆ ಮಾತ್ರ ಕಿರಿಕಿರಿ.

"ಹೇಳಿದಷ್ಟು ಟೈಪ್ ಮಾಡೇ ಕೂಸೇ. ಚಿತ್ತಾರ ಯಾರು ಕೇಳಿದ್ರು?" ಎನ್ನುತ್ತಿದ್ದರು.

ಯಜಮಾನರು ಘಟ್ಟದ ಮೇಲಿನವರು, ಹುಟ್ಟಾ ಸಸ್ಯಾಹಾರಿ. ಊರಿಗೆ ಬಂದು ಅದೆಷ್ಟೋ ವರ್ಷವಾದರೂ ಮೀನು ಮಾರ್ಕೆಟ್ಟಿನ ತಿರುವು ಬಂದ ಕೂಡಲೇ ಸ್ಕೂಟರ್ ಮೇಲೆ ಉಸಿರು ಕಟ್ಟಿಕೊಂಡು, ಕೆನ್ನೆ ಉಬ್ಬಿಸಿಕೊಂಡು ದಾಟುವವರು. ಹಾಗಾಗಿ ಕಾರವಾರದಲ್ಲಿದ್ದೂ ಅವರ ಮೂಗಿಗೆ ಮೀನಿನ ಪರಿಚಯವೇ ಆಗಿರಲಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಒಂದು ದಿನ ಹಟ್ಟಿಕೇರಿಯ ಹೆಂಗಸೊಬ್ಬಳು ಬಸ್ಸಿಳಿದು ಬಂದಳು. ಅಂಕೋಲೆಯ ಕಡೆ ಹೈವೇ ಪಕ್ಕ ಮೀನೂಟದ ಖಾನಾವಳಿ ತೆಗೆಯುತ್ತಾಳಂತೆ, ದೊಡ್ಡ ಬೋರ್ಡ್ ಬೇಕು. ಯಜಮಾನರು ನನ್ನ ಕಡೆ ತಿರುಗಿ, "ಚಿತ್ತಾರ ಚಿತ್ತಾರ ಅಂತಿದ್ಯಲ್ಲ, ಮಾಡು. ಇವರು ಒಪ್ಪಿದ್ರೆ ನಾಳೆಯಿಂದ ನೀನೇ ಡಿಸೈನರು. ಒಪ್ಪದಿದ್ರೆ ಬಾಯಿಮುಚ್ಚಿಕೊಂಡು ಟೈಪಿಂಗು" ಎಂದರು. ಈ ಮಾತಿಗಾಗಿ ನಾನು ಅದೆಷ್ಟು ದಿನದಿಂದ ಕಾದಿದ್ದೆ!

ಅಂಗಡಿಯಲ್ಲಿ ಚಿತ್ರಗಳ ಸಿಡಿ ಒಂದಿತ್ತು. ಕಳಶ, ಗಣಪತಿ, ಬಾಳೆಮರ ಎಲ್ಲ ಇದ್ದವು. ಮೀನೂ ಇತ್ತು. ಕಿತ್ತಳೆ ಬಣ್ಣದ್ದು, ಸೀರೆಯ ಸೆರಗಿನಂಥ ಬಾಲದ್ದು. ಅದನ್ನೇ ಹಾಕಿ ತೋರಿಸಿದೆ. ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು.

"ಇದೆಂಥ ಮೀನು ತಂಗೀ? ಡಾಕ್ಟ್ರ ಮನೆ ಗಾಜಿನ ಪೆಟ್ಟಿಗೆಯಾಗೆ ಈಜ್ತದಲ್ಲ, ಅದು. ನನ್ನ ಗಿರಾಕಿಗಳು ತಿನ್ನೂಕೆ ಬರೂದೋ, ಸಾಕೂಕೆ ಬರೂದೋ?"

ನನಗೇ ನಗು ಬಂತು. ಮೀನೂಟ ಉಂಡೇ ಬೆಳೆದವಳು ನಾನು, ಈ ಬಣ್ಣದ ಗೊಂಬೆಯನ್ನು ತೋರಿಸುವುದೇ? "ಎರಡು ದಿನ ಬಿಟ್ಟು ಬನ್ನಿ ಅಕ್ಕಾ" ಎಂದು ಕಳಿಸಿದೆ.

ಕ್ಯಾಮೆರಾ ಇರಲಿಲ್ಲ. ಸ್ಟುಡಿಯೋದವನಿಗೆ ಹೇಳಿದರೆ ರೋಲು ಮುಗಿದ ಮೇಲೆಯೇ ತೊಳೆಯುವುದು, ಅವನ ರೋಲು ಮುಗಿಯಲು ಊರಲ್ಲಿ ಎರಡು ಮದುವೆಯಾದರೂ ಆಗಬೇಕು. ಶ್ರಾವಣದ ಮಳೆಯಲ್ಲಿ ಮದುವೆ ಎಲ್ಲಿಂದ ಬರಬೇಕು? ಆಗ ಕಣ್ಣಿಗೆ ಬಿದ್ದದ್ದು ಸ್ಕ್ಯಾನರ್. ಎಲೆ, ಹೂವು, ಜರಿಯ ಅಂಚು ಎಲ್ಲವನ್ನೂ ನಾನು ಆ ಗಾಜಿನ ಮೇಲೆ ಕವುಚಿ ಹಾಕಿ ಚಿತ್ರ ತೆಗೆದದ್ದುಂಟು. ಬಂಗಡೆ ಏನು ಪಾಪ ಮಾಡಿತ್ತು?

ಮರುದಿನ ಯಜಮಾನರು ಊಟಕ್ಕೆಂದು ಶಿರವಾಡದ ಮನೆಗೆ ಹೊರಟರು. ಉಂಡು ಮಲಗಿ ಎದ್ದು ಬರುವಾಗ ಸಂಜೆ ಚಹಾದ ಹೊತ್ತು. ನಾನು ಕೊಡೆ ಹಿಡಿದು ಮಾರ್ಕೆಟ್ಟಿಗೆ ಓಡಿದೆ. ಶ್ರಾವಣದಲ್ಲಿ ನಮ್ಮ ಮನೆಗೆ ಮೀನು ಬರುವುದಿಲ್ಲವೆಂಬುದು ಅಲ್ಲಿನ ಮೀನುಗಾರ್ತಿಗೆ ಚೆನ್ನಾಗಿ ಗೊತ್ತು.

"ಅರೆ ದೇವಾ! ಶ್ರಾವಣದಾಗೆ ನೀನು? ಅಜ್ಜಿಗೆ ಗೊತ್ತದೆಯೋ?"

"ತಿನ್ನೂಕಲ್ಲ ಮಾರಾಯ್ತಿ, ಸ್ಕ್ಯಾನಿಂಗ್ ಮಾಡೂಕೆ."

"ಹೌದೇ? ಎಷ್ಟು ತಿಂಗಳು ಬಂಗಡೆಗೆ?"

ಸಾಲಿನಲ್ಲಿ ಕೂತ ಹೆಂಗಸರೆಲ್ಲ ಬುಟ್ಟಿ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ನಾನು ಬುಟ್ಟಿಗಳಲ್ಲೆಲ್ಲ ಚಂದದ ಬಂಗಡೆಯೊಂದನ್ನು ಆರಿಸಿಕೊಂಡು ಬಂದೆ.

ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಮೀನು ಮಲಗಿಸಿದೆ. ಮುಚ್ಚಳ ಮುಚ್ಚಿದರೆ ಅಪ್ಪಚ್ಚಿಯಾದೀತು. ಅದಕ್ಕೇ ಮುಚ್ಚಳ ತೆರೆದೇ ಇಟ್ಟು ಮೇಲೆ ಕಪ್ಪು ಕೊಡೆ ಬಿಚ್ಚಿದೆ. ದೀಪ ಮೆಲ್ಲಗೆ ಸರಿಯಿತು. ಪರದೆಯ ಮೇಲೆ ಬಂತು ನೋಡಿ! ಕಡುಗಪ್ಪಿನ ನಡುವೆ ಬೆಳ್ಳಿ ಹೊಟ್ಟೆ, ನೀಲಿಯೋ ಹಸಿರೋ ತಿಳಿಯದ ಬೆನ್ನು, ಅದರುದ್ದಕ್ಕೆ ಗೆರೆಗಳು, ಆಗಷ್ಟೇ ನೀರಿನಿಂದ ಎದ್ದಂಥ ಕಣ್ಣು. ಹುಟ್ಟಿದಾಗಿನಿಂದ ತಿಂದ ಮೀನನ್ನು ನಾನು ಆ ದಿನವೇ ನೋಡಿದ್ದು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಅಷ್ಟರಲ್ಲಿ ಪ್ಲಾಸ್ಟಿಕ್ಕಿನ ಮೂಲೆಯಿಂದ ನೀರು ಜಾರಿ ಸ್ಕ್ಯಾನರಿನ ಸಂದಿಗೆ ಇಳಿದೇಬಿಟ್ಟಿತ್ತು. ಮೀನನ್ನು ಕಾಗದದಲ್ಲಿ ಸುತ್ತಿ ಮೇಜಿನಡಿ ಅಡಗಿಸಿದೆ. ಒರೆಸಿದೆ, ತಿಕ್ಕಿದೆ, ಊದುಬತ್ತಿ ಹಚ್ಚಿದೆ. ಊದುಬತ್ತಿಯ ಜೊತೆ ಸೇರಿ ಮೀನಿನ ವಾಸನೆ ಇನ್ನಷ್ಟು ಜೋರಾಯಿತು.

ಯಜಮಾನರು ಬಂದವರೇ ಮೂಗೆಳೆದರು. "ಎಂತದೇ ಇದು ವಾಸನೆ? ವಯರ್ ಸುಡ್ತಾ ಉಂಟೋ ಏನೋ!"

"ಹೌದು ಸರ್, ನನಗೂ ಹಾಗೇ ಅನಿಸ್ತು."

ಆಮೇಲೆ ಬಂದ ಗಿರಾಕಿಗಳನ್ನೆಲ್ಲ ಅವರು ಅದನ್ನೇ ಕೇಳಿದರು. ಒಬ್ಬೊಬ್ಬರೂ ಒಳಗೆ ಕಾಲಿಟ್ಟು, ಮೂಗು ಅರಳಿಸಿ, ನನ್ನ ಮುಖ ನೋಡಿ, ಮೀಸೆಯಡಿ ನಕ್ಕು, "ಹೌದು, ವಯರೇ" ಎಂದರು. ಪೂಜೆಯ ಕರೆಯೋಲೆ ಮಾಡಿಸಲು ಬಂದ ಹಿರಿಯರೊಬ್ಬರು ಕೆಲಸ ಮುಗಿದರೂ ಏಳಲಿಲ್ಲ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆಯುತ್ತ, "ಚೌತಿ ಎಂದು ಬರ್ತದೆ ತಂಗೀ?" ಎಂದು ಕೇಳಿದರು. ಪಾಪ, ಅವರದೂ ಶ್ರಾವಣ, ಚೌತಿ ಕಳೆದ ಮೇಲೆಯೇ ಮೀನು.

ಕೊನೆಗೆ ಎಲೆಕ್ಟ್ರಿಷಿಯನ್ ಬಂದ. ಸ್ವಿಚ್‌ಬೋರ್ಡ್ ಬಿಚ್ಚಿ, ಒಮ್ಮೆ ಮೂಸಿ, ನನ್ನತ್ತ ಬಗ್ಗಿ, "ಬಾಂಗ್ಡೊ?" ಎಂದು ಪಿಸುಗುಟ್ಟಿದ. ನಾನು ತಲೆಯಾಡಿಸಿದೆ. ಅವನು ಮುಖದ ಗೆರೆ ಅಲುಗಿಸದೆ, "ಸಣ್ಣ ವಯರ್ ಸುಟ್ಟಿತ್ತು ಸರ್. ಸರಿ ಮಾಡಿದೆ. ವಾಸನೆ ಒಂದೆರಡು ದಿನ ಇರ್ತದೆ" ಎಂದ. ಅವನ ಮನೆಯಲ್ಲಿ ಶ್ರಾವಣದ ಕಟ್ಟುಪಾಡಿರಲಿಲ್ಲ. ಮೀನು ಅವನ ಪಕ್ಕಡ್, ಟೆಸ್ಟರುಗಳ ಚೀಲದಲ್ಲಿ ಕೂತು ಹೋಯಿತು.

ನಾನು ಹಬ್ಬುವಾಡದ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅಜ್ಜಿ ಬಾಗಿಲಲ್ಲೇ ಹಿಡಿದಳು. "ಎಲ್ಲಿ ತಿಂದ್ಯೆ? ಬಾಯಿ ತೆಗಿ!" ನನ್ನ ಬಾಯಿ ಮೂಸಿ ನೋಡಿದಳು. ನಾನು ಚೀಲದಿಂದ ಬಣ್ಣದ ಪ್ರಿಂಟ್ ತೆಗೆದುಕೊಟ್ಟೆ. ಅಜ್ಜಿ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಸಿಟ್ಟು ಎಲ್ಲಿ ಹೋಯಿತೋ! "ಜುಮ್ಮನಕಾಯಿ ಹಾಕಿ ಹುಳಿ ಮಾಡಿದ್ರೆ..." ಎಂದು ಮೀನುಸಾರಿನ ಆ ಘಾಟು ಮಸಾಲೆಯ ನೆನಪಿಗೇ ಮಾತು ನುಂಗಿದಳು. ಊಟಕ್ಕೆ ಕೂತಾಗ ಪ್ರಿಂಟನ್ನು ಗೋಡೆಗೆ ಒರಗಿಸಿ, ಅದನ್ನೇ ನೋಡುತ್ತ ಬೇಳೆಸಾರಿನ ಅನ್ನ ಉಂಡಳು. "ನೋಡೂಕೆ ವ್ರತ ಇಲ್ಲ" ಎಂದು ನನ್ನನ್ನೇ ಗದರಿದಳು.

ಹೇಳಿದ ದಿನ ಹಟ್ಟಿಕೇರಿಯ ಹೆಂಗಸು ಬಂದಳು. ಯಜಮಾನರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನಾನು ಇನ್ನೊಂದು ಪ್ರಿಂಟ್ ಅವಳ ಮುಂದಿಟ್ಟೆ. ಅವಳು ಮಾರ್ಕೆಟ್ಟಿನಲ್ಲಿ ಮಾಡುವ ಹಾಗೆ ಹೆಬ್ಬೆರಳಿನಿಂದ ಕಾಗದದ ಮೇಲಿನ ಮೀನಿನ ಹೊಟ್ಟೆಯನ್ನು ಒತ್ತಿ ನೋಡಿದಳು.

"ತಾಜಾ ಅದೆ" ಎಂದಳು. "ಇದೇ ಇರ್ಲಿ. ಬಸ್ಸಿನೋರು ಬ್ರೇಕ್ ಹಾಕ್ದೆ ಹೆಂಗೆ ಹೋಗ್ತಾರೆ ನೋಡ್ತೆ!"

ಗೆದ್ದೆ ಎಂದುಕೊಂಡೆ. ಆದರೆ ಆ ಪುಣ್ಯಾತ್ಗಿತ್ತಿ ಸುಮ್ಮನಿರಬೇಕಲ್ಲ? ಸ್ಕ್ಯಾನರಿನ ಕಡೆ ಬಗ್ಗಿ, ಉಗುರಿನಿಂದ ಅದರ ಅಂಚಿಗೆ ಅಂಟಿದ ಒಂದು ಮೀನಿನ ಹುರುಪೆಯನ್ನು ಎಬ್ಬಿಸಿ, ಬೆಳಕಿಗೆ ಹಿಡಿದಳು. "ಇಲ್ಲೇ ಮಲಗ್ಸಿದ್ಯಲ್ಲ? ಶಾಣ್ಯಾ ಇದ್ಯೆ!"

ಯಜಮಾನರು ಹುರುಪೆ ನೋಡಿದರು, ಸ್ಕ್ಯಾನರ್ ನೋಡಿದರು, ಆಮೇಲೆ ಸ್ವಿಚ್‌ಬೋರ್ಡ್ ನೋಡಿದರು. ಊರಿಗೆ ಊರೇ ಸೇರಿ ತಮಗೆ ಟೋಪಿ ಹಾಕಿದ್ದು ಅವರ ಮುಖದಲ್ಲಿ ಮೆಲ್ಲಗೆ ಏರಿಬಂತು. ಎದ್ದು ಬಾಗಿಲಿಗೆ ಹೋಗಿ ಹೊರಗಿನ ಗಾಳಿ ಎಳೆದುಕೊಂಡರು.

"ಟೈಪಿಂಗಿಗೆ ಬೇರೆ ಹುಡುಗಿ ನೋಡೂದೇ ಆಯ್ತು" ಎಂದರು.

ನನ್ನ ಕಣ್ಣಲ್ಲಿ ನೀರು ತುಂಬಿತು. ಚೀಲಕ್ಕೆ ಕೈ ಹಾಕಿದೆ.

"ಎಲ್ಲಿಗೆ ಹೊರಟೆ ಕೂಸೇ? ಡಿಸೈನರು ಟೈಪಿಂಗ್ ಮಾಡ್ತಾ ಕೂತ್ರೆ ಡಿಸೈನ್ ಯಾರು ಮಾಡ್ತಾರೆ? ಕೂತ್ಕೋ. ಮೊದಲು ನಾ ಹೇಳಿದ್ದು ಮಾಡಿಕೊಡು."

ಕೂತೆ. ಅವರು ಹೇಳಿದ್ದನ್ನು ಮಾಡಿ, ಪ್ರಿಂಟ್ ತೆಗೆದು, ಅವರ ಎದುರಿಗೇ ಸ್ಕ್ಯಾನರಿನ ಮುಚ್ಚಳಕ್ಕೆ ಅಂಟಿಸಿದೆ. ಆಗಷ್ಟೇ ಬಿಸ್ಕೀಟಿನ ಪೊಟ್ಟಣಗಳ ಮೇಲೆ ಬರತೊಡಗಿದ್ದ ಗುರುತು ಅದು: ಒಂದು ಹಸಿರು ಚೌಕ, ನಡುವೆ ಒಂದು ಹಸಿರು ಬೊಟ್ಟು. ಡಿಸೈನರ್ ಆಗಿ ನಾನು ಮಾಡಿದ ಮೊದಲ ಕೆಲಸ.