ಮುನ್ನೂರು ಅಡಿಯ ಬೇಲಿ

ಹೋದ ವಾರ ಸಕಲೇಶಪುರದಲ್ಲಿ ಮೊಮ್ಮಗಳಿಗೆಂದು ಒಂದು ಸ್ಕೇಲು ಕೊಂಡೆ. ಅಂಗಡಿಯ ರಫೀಕ್ ನನ್ನ ಹಳೆಯ ಶಿಷ್ಯ. ಅವನೇ ಸ್ಕೇಲನ್ನು ತಿರುಗಿಸಿ ನೋಡಿ, "ಸಾರ್, ಒಂದಡಿ ಅಂದ್ರೆ ಮೂವತ್ತು ಸೆಂಟಿಮೀಟರು ಅಂತ ನೀವೇ ಹೇಳ್ಕೊಟ್ಟಿದ್ದು. ಇಲ್ಲಿ ಹನ್ನೆರಡು ಇಂಚಿನ ಗೆರೆ ಮೂವತ್ತನ್ನ ದಾಟಿ ಆಚೆ ಹೋಗೈತಲ್ಲ!" ಎಂದು ನಕ್ಕ. ನಾನೂ ನಗಲು ಹೋದೆ. ಆಗಲಿಲ್ಲ.

ಮೂವತ್ತು ಪಾಯಿಂಟ್ ನಾಲ್ಕು ಎಂಟು. ಪಠ್ಯಪುಸ್ತಕದಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ನಾನು ಎಲ್ಲವನ್ನೂ ಸಸಾರ ಮಾಡುವ ಮೇಷ್ಟ್ರು. "ಪಾಯಿಂಟ್ ಬಿಟ್ಟಾಕ್ರೋ, ಅದ್ರಲ್ಲೇನೈತೆ!" ಎನ್ನುತ್ತಿದ್ದೆ. ಮಕ್ಕಳು ಖುಷಿಯಾಗಿ ಬಿಟ್ಟುಹಾಕುತ್ತಿದ್ದರು. ಆ ಪಾಯಿಂಟಿನಲ್ಲಿ ಏನಿತ್ತೆಂದು ತಿಳಿಯಲು ನಾನು ವನಗೂರಿನ ರುದ್ರಮ್ಮನ ತೋಟವನ್ನು ನೆನೆಯಬೇಕಾಯಿತು.

ಆಗ ನಾನು ಅಲ್ಲಿಯ ಶಾಲೆಯಲ್ಲಿದ್ದೆ. ರುದ್ರಮ್ಮನ ಗಂಡ ತೀರಿಕೊಂಡು ವರ್ಷವಾಗಿತ್ತು. ತೋಟದೊಳಗೇ ಅವರ ಸಮಾಧಿ. ಆಕೆಗೂ ಮೈದುನ ನಿಂಗಪ್ಪನಿಗೂ ತೋಟ ಪಾಲಾಯಿತು. ಹಳ್ಳದ ಕಲ್ಲಿನಿಂದ ಮುನ್ನೂರು ಅಡಿ ರುದ್ರಮ್ಮನದು ಎಂದು ಪತ್ರದಲ್ಲಿ ಬರೆದಿತ್ತು. ಅಳೆಯಲು ಯಾರು? ಮೇಷ್ಟ್ರು! ಶಾಲೆಯಲ್ಲಿ ಓಟದ ಪಂದ್ಯಕ್ಕೆ ಇಟ್ಟುಕೊಂಡಿದ್ದ ಮೂವತ್ತು ಮೀಟರಿನ ಟೇಪು ಹಿಡಿದು ಗತ್ತಿನಿಂದ ಹೋದೆ. ನೂರು ಅಡಿಗೆ ಮೂವತ್ತು ಮೀಟರು, ಮೂರು ಸಲ ಎಳೆದರೆ ಮುಗಿಯಿತು. ಗೂಟ ಹೊಡೆಸಿದೆ. ಸಮಾಧಿ ಗೂಟದಿಂದ ಆಚೆಗೆ ಉಳಿಯಿತು.

ರುದ್ರಮ್ಮ ಒಂದು ಹಳೇ ಬಿದಿರಿನ ಗಳ ಹಿಡಿದು ನಿಂತಿದ್ದರು. ಕಾಫಿ ಗುಂಡಿಗಳಿಗೆ ಅಂತರ ಗುರುತಿಸಲು ಗಂಡ ಅಡಿಗೊಂದು ಗೆರೆ ಕೊರೆದಿಟ್ಟಿದ್ದ ಹತ್ತಡಿ ಗಳ.

"ಮೇಷ್ಟ್ರೇ, ನಮ್ಮನೆಯವ್ರು ಆಚೆ ಹೋಗ್ಬುಟ್ರಲ್ಲ. ಈ ಗಳದಾಗೆ ಮೂವತ್ತು ಸಲ ಅಳದ್ರೆ ಅವ್ರು ಒಳಗೇ ಬರ್ತಾರೆ."

"ಬಿದಿರು ಒಣಗಿದ್ರೆ ಕುಗ್ಗುತ್ತೆ ಕಣಮ್ಮ. ಟೇಪು ಸುಳ್ಳು ಹೇಳಲ್ಲ," ಎಂದೆ. ಬಿದಿರು ಉದ್ದಕ್ಕೆ ಅಷ್ಟೆಲ್ಲ ಕುಗ್ಗುವುದೇ ಇಲ್ಲ; ಕುಗ್ಗಿದ್ದರೂ ಗಳದ ಅಳತೆ ಕಮ್ಮಿ ಬರಬೇಕೇ ಹೊರತು ಹೆಚ್ಚಲ್ಲ. ಬಾಯಿಗೆ ಬಂದದ್ದು ಹೇಳಿದೆ, ಅಷ್ಟೇ. ಆಕೆ ಗಳ ಹೊತ್ತು ಮನೆ ಕಡೆ ಹೊರಟರು.

ನಿಂಗಪ್ಪ ಕೆಟ್ಟವನಲ್ಲ. ಆದರೂ ಬೇಲಿ ಬೇಲಿಯೇ. ಪ್ರತಿ ಅಮಾವಾಸ್ಯೆ ರುದ್ರಮ್ಮ ಮೈದುನನ ಬಾಗಿಲಿಗೆ ಹೋಗಿ, "ಒಂದು ದೀಪ ಹಚ್ಚಿ ಬರ್ಲಾ?" ಎಂದು ಕೇಳಿಕೊಳ್ಳಬೇಕಾಯಿತು. ಗಂಡನ ಹತ್ತಿರ ಹೋಗಲು ಹೆಂಡತಿಗೆ ಅಪ್ಪಣೆ! ಅದನ್ನು ಕಣ್ಣಾರೆ ಕಂಡು, ಪಾಪ ಎಂದುಕೊಂಡು, ನನ್ನ ಪಾಡಿಗೆ ನಾನು ಪಾಠ ಮಾಡಿಕೊಂಡಿದ್ದೆ.

ರಫೀಕ್ ಕೊಟ್ಟ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಮುನ್ನೂರು ಅಡಿಗೆ ತೊಂಬತ್ತೊಂದು ಮೀಟರು, ನಲವತ್ತನಾಲ್ಕು ಸೆಂಟಿಮೀಟರು. ನಾನು ಅಳೆದದ್ದು ಬರೀ ತೊಂಬತ್ತು. ಬಿಟ್ಟುಹೋದದ್ದು ನಾಲ್ಕೂಮುಕ್ಕಾಲು ಅಡಿ, ಒಂದು ಸಮಾಧಿಯಷ್ಟು ಜಾಗ. ಅಲ್ಲೇ ಒಂದು ಹೊಸ ಟೇಪು ಕೊಂಡೆ. ಮನೆಗೆ ಹೋಗದೆ ನೇರ ವನಗೂರಿನ ಬಸ್ಸು ಹತ್ತಿದೆ.

ರುದ್ರಮ್ಮನ ಅಂಗಳಕ್ಕೆ ನಿಂಗಪ್ಪನನ್ನೂ ಕರೆಸಿ, ಇಬ್ಬರಿಗೂ ನಿಂತೇ ನನ್ನ ತಪ್ಪು ಹೇಳಿದೆ. ನಿಂಗಪ್ಪ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ.

"ನೀವು ಅಳದಿದ್ದು ಅಂತ ಬೇಲಿ ಹಾಕ್ದೆ ಕಣ್ರೀ. ಅತ್ತಿಗೆ ಬಂದು ಕೇಳ್ದಾಗೆಲ್ಲ ನಂಗೂ ಸಂಕಟ ಆಗೋದು. ಬರ್ರೀ, ತಂತಿ ಬಿಚ್ಚಣ."

ರುದ್ರಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಅಟ್ಟದಿಂದ ಆ ಗಳ ತಂದರು. ಒಲೆಯ ಹೊಗೆಗೆ ಕಪ್ಪಾಗಿತ್ತು, ಗೆರೆಗಳು ಹಾಗೇ ಇದ್ದವು. ನಾನು ಚೀಲದಿಂದ ಹೊಸ ಟೇಪು ತೆಗೆಯಲು ಹೋದೆ.

"ಬ್ಯಾಡ ಮೇಷ್ಟ್ರೇ," ಎಂದರು, ಗಳದ ತುದಿಯನ್ನು ಹಳ್ಳದ ಕಲ್ಲಿಗೆ ತಾಗಿಸಿ. "ಅಳೆಯಾದು ನಾನು ಅಳೀತೀನಿ. ನೀವು ಬರೀ ಎಣಿಸಿ."

ನಾನು ಎಣಿಸಿದೆ. ಒಂದನ್ನೂ ಬಿಡದೆ, ಮೂವತ್ತರವರೆಗೂ ಗಟ್ಟಿಯಾಗಿ ಎಣಿಸಿದೆ.