ಲಲಿತಮ್ಮ ಕೇಳಿದ ಉಕ್ಕು

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದು ಬರೀ ‘ಲಲಿತಮ್ಮ’ ಎಂದು ಕೇಳಿದರೆ, ಯಾವ ಲಲಿತಮ್ಮ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ‘ಜನರೇಟರ್ ಲಲಿತಮ್ಮ’ ಎಂದು ನೋಡಿ. ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಮನೆ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಸುತ್ತಮುತ್ತ ಮದುವೆಯೋ ನಾಮಕರಣವೋ, ಕರೆಂಟು ಕೈಕೊಟ್ಟರೆ ಬೆಳಕು ಕೊಡುವುದು ಅವಳ ಜನರೇಟರೇ. ಎರಡು ಚಕ್ರದ ಗಾಡಿಯ ಮೇಲೆ ಕೂತ ಆ ಯಂತ್ರ ಆನೆಮರಿಯಷ್ಟು ದಪ್ಪ. ತಾನಾಗಿ ಒಂದು ಗೇಣೂ ಅಲ್ಲಾಡದು, ಯಾರಾದರೂ ಎಳೆದುಕೊಂಡು ಹೋಗಬೇಕು. ಇಷ್ಟು ವರ್ಷವೂ ಅದನ್ನು ಎಳೆದದ್ದು ಅದೇ ಊರಿನ ರೈತ ಚಿಕ್ಕಸ್ವಾಮಿಯ ಟ್ರಾಕ್ಟರು.

ಚಿಕ್ಕಸ್ವಾಮಿ ಕೆಟ್ಟವನಲ್ಲ, ದೇವರಂಥ ಮನುಷ್ಯ. ಆದರೆ ದೇವರ ಹಾಗೆಯೇ, ಯಾವಾಗ ಬರುತ್ತಾನೆಂದು ಹೇಳುವಂತಿಲ್ಲ! “ಬತ್ತೀನಿ ಅಂದ್ನಲ್ಲವ್ವಾ, ಬತ್ತೀನಿ” ಎಂದು ಫೋನಿನಲ್ಲಿ ಹೇಳಿ, ದನಕ್ಕೆ ಹುಲ್ಲು ಹಾಕಿ, ಕಾಫಿ ಕುಡಿದು, ದಾರಿಯಲ್ಲಿ ಸಿಕ್ಕವರ ಕಷ್ಟಸುಖ ವಿಚಾರಿಸಿ, ಆಮೇಲೆ ಟ್ರಾಕ್ಟರಿಗೆ ಕೀಲಿ ಹಾಕುವ ಪೈಕಿ. ಒಮ್ಮೆ ಒಂದು ಮದುವೆಯಲ್ಲಿ ಕರೆಂಟು ಹೋಗಿ, ಜನರೇಟರು ಬಾರದೆ, ಮೊಬೈಲು ಬೆಳಕಿನಲ್ಲೇ ತಾಳಿ ಕಟ್ಟಿಸಿದರು. ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಧೂಳು ಮೆತ್ತಿಕೊಂಡು ಬಂದಿಳಿದ ಲಲಿತಮ್ಮನಿಗೆ ಹುಡುಗಿಯ ತಾಯಿ ಎಲ್ಲರೆದುರೇ ಹೇಳಿದಳು: “ನೀನು ಬರೋ ಒತ್ಗೆ ನಮ್ಮುಡ್ಗಿಗೆ ಮಗು ಆಗಿರ್ತಿತ್ತು ಬುಡು.”

ಜನ ಗೊಳ್ಳೆಂದು ನಕ್ಕರು. ಲಲಿತಮ್ಮ ಅವತ್ತೂ ಎಂದಿನಂತೆ ಕೊನೆಯ ಪಂಕ್ತಿಯಲ್ಲಿ ಕೂತು ತಣ್ಣನೆಯ ಅನ್ನ ಸಾರು ಕಲಸಿಕೊಂಡಳು. ಸಾಕಪ್ಪಾ ಸಾಕು, ಇನ್ನು ಎಳೆದರೆ ನನ್ನದೇ ಗಾಡಿಯಲ್ಲಿ ಎಳೆಯಬೇಕು ಎಂದು ಅಲ್ಲೇ ತೀರ್ಮಾನ ಮಾಡಿದಳು.

ಮನೆಯಲ್ಲಿ ಹೇಳಿದ್ದೇ ತಡ, ರಂಪ ಶುರುವಾಯಿತು. ಗಂಡ ನಾಗರಾಜನಿಗೆ ಕಾರು ಬೇಕು. ಅವನು ಕಮ್ಮಾರರ ವಂಶದವನು, ನಾಗರಾಜಾಚಾರಿ. ಅವನಪ್ಪನ ಕಾಲಕ್ಕೆ ಕುಡಗೋಲು, ನೇಗಿಲ ಗುಳಕ್ಕೆಲ್ಲ ಇವರ ಕುಲುಮೆಯ ಮುಂದೆ ಸಾಲು ನಿಲ್ಲುತ್ತಿತ್ತು. ಈಗ ನಾಗರಾಜ ಕಿಟಕಿಗೆ ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ, ಹಳೆಯ ಕುಲುಮೆಯ ಮೇಲೆ ಸಿಮೆಂಟು ಚೀಲ ಮಲಗಿವೆ.

“ನೆಂಟ್ರ ಮನೆಗೆ ಲಗೇಜು ಗಾಡೀಲಿ ಓಗಾಕಾಯ್ತದಾ? ಓಡಾಡಾಕೆ ಅಂತ ಒಂದು ಗಾಡಿ ಇರ್ಲಿ” ಎಂದ ನಾಗರಾಜ.

“ಓಡಾಡಾಕೆ ಕಾಲವೆ. ಎಳಿಯಾಕೆ ನೀವು ಬತ್ತೀರಾ?” ಎಂದಳು ಲಲಿತಮ್ಮ.

ಅತ್ತೆ ಅಣ್ಣಮ್ಮ ಜಗಲಿಯಿಂದಲೇ ತನ್ನ ಅರ್ಜಿ ಹಾಕಿದಳು. “ಎಂಥದಾರ ತಗಳಿ. ನನ್ ಮಂಡಿ ಬಗ್ಗಾಕಿಲ್ಲ. ಆಸ್ಪತ್ರೆಗೆ ಓಗಾಕೆ ಅತ್ತಿ ಕೂರಂಗಿರ್ಬೇಕು.”

ಅಲ್ಲಿಗೆ ಲೆಕ್ಕ ಸಿಕ್ಕಿತು: ಎಳೆಯಲೂ ಬೇಕು, ಓಡಾಡಲೂ ಬೇಕು, ಮುದುಕಿ ಹತ್ತಲೂಬೇಕು. ಲಲಿತಮ್ಮ ನಾಗಮಂಗಲಕ್ಕೆ ಹೋಗಿ ಡ್ರೈವಿಂಗ್ ಕಲಿತು ಬಂದಳು. ಕ್ರಾಸಿನಲ್ಲಿ ಟೀಗೆ ನಿಲ್ಲುವ ತರಕಾರಿ ಗಾಡಿ, ಹಾಲಿನ ಗಾಡಿ ಯಾವುದನ್ನೂ ಬಿಡದೆ ಬಗ್ಗಿ ನೋಡಿ, ಡ್ರೈವರುಗಳ ತಲೆ ತಿಂದಳು. ಒಂದಕ್ಕೆ ಶಕ್ತಿಯಿದ್ದರೆ ಮುಂದೆ ಇಬ್ಬರಿಗಷ್ಟೇ ಜಾಗ. ಇನ್ನೊಂದು ನೋಡಲು ಸೊಗಸು, ಹೊಲದ ದಾರಿಗೆ ಇಳಿದರೆ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಮತ್ತೊಂದು ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ಕೊನೆಗೆ ಪಟ್ಟಣದ ಒಂದು ಶೋರೂಮಿನಲ್ಲಿ ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ತೊಟ್ಟಿ ಇರುವ ಬಿಳಿ ಪಿಕಪ್ಪು ಕಣ್ಣಿಗೆ ಬಿತ್ತು. ಲಲಿತಮ್ಮ ಅತ್ತೆಯನ್ನೂ ಕರೆದೊಯ್ದಿದ್ದಳು. ಮಾರುವ ಹುಡುಗ ನಾಗಾರ್ಜುನ ಬಾಗಲಕೋಟೆ ಕಡೆಯವನು, ಈ ಸೀಮೆಗೆ ಹೊಸಬ. ಪರದೆ ಮುಟ್ಟಿದರೆ ಹಾಡು ಬರುತ್ತದೆ, ಫೋನು ಬರುತ್ತದೆ ಎಂದೆಲ್ಲ ಶುರುಮಾಡಿದ.

“ಪದ ನಾನೇ ಯೇಳ್ಕತೀನಿ ಕಣಪ್ಪ. ಗಾಡಿ ಏರು ಅತ್ತದಾ ಅದ ಯೇಳು” ಎಂದಳು ಲಲಿತಮ್ಮ.

ಹೇಳುವುದೇಕೆ, ಅವಳೇ ಓಡಿಸಿ ನೋಡಿದಳು. ಏರಿನ ನಡುವೆ ಬೇಕೆಂದೇ ನಿಲ್ಲಿಸಿ ಮತ್ತೆ ಎತ್ತಿದಳು. ಗಾಡಿ ತುಟಿಪಿಟಕ್ಕೆನ್ನದೆ ಹತ್ತಿತು. ಇತ್ತ ಅಣ್ಣಮ್ಮ ಹಿಂದಿನ ಸೀಟಿಗೆ ಹಿಡಿ ಹಿಡಿದು ಹತ್ತಿ ಕೂತವಳು, ಶೋರೂಮಿಗೆ ವಾಪಸು ಬಂದ ಮೇಲೂ ಇಳಿಯಲೊಲ್ಲಳು. “ಇದೇ ಇರ್ಲಿ ಕಣವ್ವ, ಇನ್ನೆಲ್ಲೂ ಸುತ್ತಾಕಾಗಕಿಲ್ಲ” ಎಂದಳು. ಆಯ್ಕೆ ಅಲ್ಲಿಗೆ ಮುಗಿಯಿತು.

ಹೊರಡುವಾಗ ಲಲಿತಮ್ಮ ಗಾಡಿಯ ಹಿಂಭಾಗಕ್ಕೆ ಹೋಗಿ ಬಗ್ಗಿದಳು. “ಎಲ್ಲಾ ಸರಿ, ಇಂದ್ಗಡೆ ಉಕ್ಕೇ ಇಲ್ವಲ್ಲಪ್ಪ?”

ನಾಗಾರ್ಜುನ ನಕ್ಕ. “ಏನ್ ಮಾತ್ರೀ ಅಮ್ಮಾರ, ಗಾಡಿ ತುಂಬ ಉಕ್ಕೇ ಐತಲ್ರೀ!”

“ಎಲ್ಲಯ್ತೆ? ನಾನೇನು ಕುರುಡಿಯಾ? ಒಳ್ಳೆ ಗಟ್ಟಿ ಉಕ್ಕು ಆಕ್ಸಿ ಕೊಡು. ಎಂಥಾ ಭಾರಕ್ಕೂ ಬಗ್ಬಾರ್ದು.”

“ಚಿಂತೀನ ಬ್ಯಾಡ್ರೀ. ಅಂಥಾ ಉಕ್ಕು ಹಾಕಸ್ತೀನಿ, ನೋಡಿದವ್ರ ಕಣ್ಣು ಕುಕ್ಕಬೇಕು!”

ಇಬ್ಬರಿಗೂ ಪರಮ ತೃಪ್ತಿಯಾಯಿತು.

ಅಷ್ಟರಲ್ಲಿ ಚಿಕ್ಕಸ್ವಾಮಿಯ ಮಗಳು ರಂಜಿತಳ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಹೊಣಕೆರೆ, ಮದುವೆಯೂ ಅಲ್ಲೇ, ಬಯಲಿನಲ್ಲಿ ಶಾಮಿಯಾನ ಹಾಕಿ. ಜನರೇಟರು ಮಾತ್ರ ಲಲಿತಮ್ಮನದೇ ಆಗಬೇಕು ಎಂದು ಚಿಕ್ಕಸ್ವಾಮಿಯೇ ಮನೆಗೆ ಬಂದು ಎಲೆ ಅಡಿಕೆ ಕೊಟ್ಟ. “ಬೀಗರ ಮುಂದೆ ಕತ್ಲಾಗ್ಬಾರ್ದು ಕಣ್ ಲಲಿತಮ್ಮ. ನೀನು ಗಾಡಿ ತಗಂಡ್ರೂ ಅವತ್ತು ನನ್ ಟ್ರಾಕ್ಟರೇ ಕಳಿಸ್ತೀನಿ ಬುಡು. ಅದಿಲ್ದೆ ನಿನ್ ಜನರೇಟರು ಅಲ್ಲಾಡಾಕಿಲ್ಲ.”

ಆ ಕೊನೆಯ ಮಾತು ಲಲಿತಮ್ಮನಿಗೆ ಚುರ್ರೆಂದಿತು. “ಬ್ಯಾಡ ಕಣಣ್ಣ. ದೀಪ ಅಚ್ಚೋ ಒತ್ಗೆ ಮುಂಚೆ ನನ್ ಗಾಡೀಲೇ ಬತ್ತೀನಿ. ಬರ್ದಿದ್ರೆ ಜನರೇಟರ್ ಲಲಿತಮ್ಮ ಅಂತ ಕರೀಬ್ಯಾಡಿ” ಎಂದುಬಿಟ್ಟಳು. ಹುಟ್ಟಿದಾಗಿನಿಂದ ನೋಡಿದ ಹುಡುಗಿಯ ಮದುವೆ ಬೇರೆ. ಮಾತು ಕೊಟ್ಟ ಮೇಲೆ ಕೊಟ್ಟಂತೆ.

ಗಾಡಿ ಕೈಗೆ ಸಿಕ್ಕಿದ್ದು ಮದುವೆಯ ಹಿಂದಿನ ದಿನ ಬೆಳಿಗ್ಗೆ. ಸಂಜೆಗೇ ಹೊಣಕೆರೆಯಲ್ಲಿ ಆರತಕ್ಷತೆ. ಬೇಗ ಬೇಗ ಚಕ್ರದಡಿ ನಿಂಬೆಹಣ್ಣು ಇಟ್ಟು, ಅಣ್ಣಮ್ಮ ದೃಷ್ಟಿ ತೆಗೆದು, ಮನೆ ಮಂದಿಯೆಲ್ಲ ಸೇರಿ ಜನರೇಟರನ್ನು ನೂಕಿಕೊಂಡು ಗಾಡಿಯ ಹಿಂದಕ್ಕೆ ತಂದರು. ಜನರೇಟರು ಗಾಡಿಯ ಮೂತಿಯಲ್ಲಿ ದಪ್ಪನೆಯ ಬಳೆಯಿದೆ. ಅದನ್ನು ಸಿಕ್ಕಿಸಲು ಲಲಿತಮ್ಮ ಎತ್ತಿ ಹಿಡಿದಳು. ಸಿಕ್ಕಿಸುವುದು ಯಾವುದಕ್ಕೆ? ಗಾಡಿಯ ಹಿಂದೆ ಆ ತುದಿಯಿಂದ ಈ ತುದಿಯವರೆಗೆ ಥಳಥಳ ಹೊಳೆಯುವ ಉಕ್ಕಿನ ತಗಡು ಬಡಿದಿತ್ತು! ಅಣ್ಣಮ್ಮ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು.

ಲಲಿತಮ್ಮ ನಾಗಾರ್ಜುನನಿಗೆ ಫೋನು ಹಚ್ಚಿದಳು. “ಏನಪ್ಪ, ಉಕ್ಕೆಲ್ಲಪ್ಪ?”

“ಹಾಕಸೀನಲ್ರೀ ಅಮ್ಮಾರ, ಹಿಂದ ನೋಡ್ರೀ, ಉಕ್ಕು!”

“ಉಕ್ಕಲ್ಲ ಕಣಪ್ಪಾ, ಉಕ್ಕು!”

“ಅದನ್ನ ರೀ! ಉಕ್ಕು!”

ನಮ್ಮ ಕಡೆ ಹಕಾರಕ್ಕೂ ಬಾಯಿಗೂ ಎಣ್ಣೆ ಸೀಗೇಕಾಯಿ. ಹಾಲು ಆಲಾಗುತ್ತದೆ, ಹಾಸನ ಆಸನವಾಗುತ್ತದೆ. ಹಾಗೆಯೇ ಹುಕ್ಕು ಉಕ್ಕಾಗಿತ್ತು. ಪಾಪ, ಆ ಹುಡುಗನದೇನು ತಪ್ಪು? ಕೇಳಿದ್ದನ್ನೇ ಕೊಟ್ಟಿದ್ದ. ಪಕ್ಕದಲ್ಲಿ ನಿಂತಿದ್ದ ನಾಗರಾಜನಿಗೆ ಮೊದಲು ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಗುತ್ತ ಫೋನು ಕಿತ್ತುಕೊಂಡ. “ಕೊಕ್ಕೆ ಕಣಪ್ಪಾ, ಕೊಕ್ಕೆ! ಎಳಿಯೋ ಕೊಕ್ಕೆ!”

ಅತ್ತಲಿಂದ “ಅಯ್ಯ ಶಿವನ, ಕೊಂಡಿ ಏನ್ರೀ! ನಾಳಿ ಹಾಕಿಸಿ ಕೊಡ್ತೀನ್ರೀ” ಎಂಬ ಮಾತು ಬಂತು.

ನಾಳೆ! ಲಲಿತಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಒಂದು ಫೋನು ಮಾಡಿದರೆ ಚಿಕ್ಕಸ್ವಾಮಿ ಟ್ರಾಕ್ಟರು ಕಳಿಸುತ್ತಾನೆ, ಇಲ್ಲವೆನ್ನುವವನಲ್ಲ. ಆದರೆ ಆಮೇಲೆ ಬದುಕಿರುವವರೆಗೂ ಕ್ರಾಸಿನ ಒಂದೊಂದು ಟೀ ಅಂಗಡಿಯಲ್ಲೂ ಅದೇ ಕಥೆ. ಹೊಸ ಗಾಡಿ ತಗೊಂಡಳಂತೆ, ಟ್ರಾಕ್ಟರಿಗೆ ಕೈಮುಗಿದಳಂತೆ! ಗಂಡನಿಂದ ಫೋನು ವಾಪಸು ಇಸಕೊಂಡಳು, ಬೆರಳು ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

ಅದನ್ನು ಕಂಡು ನಾಗರಾಜನ ನಗು ನಿಂತಿತು. ಕಾರಿನ ಆಸೆಯಲ್ಲಿ ತಿಂಗಳಿಂದ ಮುಖ ಊದಿಸಿಕೊಂಡಿದ್ದ ಗಂಡಸು, ಹೆಂಡತಿಯ ಕಣ್ಣೀರಿಗೆ ಒಂದೇ ಗಳಿಗೆಯಲ್ಲಿ ಕರಗಿದ. ಲುಂಗಿ ಎತ್ತಿಕಟ್ಟಿ ಕೊಟ್ಟಿಗೆಗೆ ಹೋಗಿ ಕುಲುಮೆಯ ಮೇಲಿನ ಸಿಮೆಂಟು ಚೀಲ ಎಳೆದು ಹಾಕಿದ. ಮೂಲೆಯಿಂದ ಲಾರಿಯ ಹಳೇ ಆಕ್ಸಲಿನ ತುಂಡೊಂದನ್ನು ಹುಡುಕಿ ತೆಗೆದ. ಅಲ್ಲಿಂದಲೇ ಕೂಗಿದ:

“ಬಾರಮ್ಮಿ ಇಲ್ಲಿ! ತಿದಿ ಒತ್ತಾಕೆ ಬತ್ತದಾ, ಮರ್ತೋಗಿದ್ದೀಯಾ?”

ಮರೆಯುವುದುಂಟೇ! ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಬಡಿಯುವಾಗ ತಿದಿ ಒತ್ತಿ ಕುಲುಮೆಗೆ ಗಾಳಿ ಕೊಟ್ಟವಳು ಅವಳೇ. ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇದ್ದಿಲು ಕೆಂಪಾಯಿತು, ತುಂಡು ಕೆಂಪಾಯಿತು, ನಾಗರಾಜನ ಮುಖವೂ ಕೆಂಪಾಯಿತು. ಅವನ ಸುತ್ತಿಗೆ ಬಿದ್ದ ಸದ್ದಿಗೆ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು. “ಒತ್ತು, ಒತ್ತು, ನಿಲ್ಲಿಸ್ಬ್ಯಾಡ” ಎನ್ನುತ್ತ ಅವನು ಬಡಿದ, ಬಗ್ಗಿಸಿದ, ನೀರಿಗೆ ಅದ್ದಿದ. ಬಿಸಿಲು ವಾಲುವ ಹೊತ್ತಿಗೆ ತಗಡಿನ ನಡುಭಾಗ ಕೊಯ್ದು, ಗಾಡಿಯಡಿಯ ಚಾಸಿಗೇ ಬೋಲ್ಟು ಹಾಕಿ ಕೊಕ್ಕೆ ಕೂರಿಸಿದ. ಅದರ ಮೇಲೆ ತಾನೇ ಹತ್ತಿ ಕುಣಿದು ನೋಡಿದ. ಕೊಕ್ಕೆ ಮಿಸುಕಲಿಲ್ಲ.

“ಉಕ್ಕಿಗೆ ಉಕ್ಕು ಸೇರ್ತಲ್ಲ ಬುಡ್ರಪ್ಪ” ಎಂದಳು ಅಣ್ಣಮ್ಮ. ಯಾವ ಉಕ್ಕು ಯಾವುದೆಂದು ಯಾರೂ ಕೇಳಲಿಲ್ಲ. ಲಲಿತಮ್ಮ ಎಷ್ಟು ದಿನದ ಮೇಲೋ ಬಾಯ್ತುಂಬ ನಕ್ಕಳು.

ಹೊರಟರು. ಲಲಿತಮ್ಮ ಸ್ಟೇರಿಂಗಿಗೆ, ಪಕ್ಕದಲ್ಲಿ ನಾಗರಾಜ, ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟ ಅಣ್ಣಮ್ಮ, ಎಲ್ಲರ ಹಿಂದೆ ಜನರೇಟರು. ನಾಗರಾಜ ನಾಗಮಂಗಲ ದಾಟುವವರೆಗೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೊಕ್ಕೆಯನ್ನೇ ನೋಡುತ್ತಿದ್ದ. ಒಂದು ಏರು ಬಂತು. ಗಾಡಿ ಆನೆಮರಿಯನ್ನೂ ಮುದುಕಿಯನ್ನೂ ಸರಾಗವಾಗಿ ಎಳೆದುಕೊಂಡು ಹತ್ತಿತು.

“ಇನ್ನಾರ ಉಸ್ರು ಬುಡ್ರೀ” ಎಂದಳು ಲಲಿತಮ್ಮ.

“ಕಾರ್ಗಿಂತ ಎತ್ರದಲ್ಲಿ ಕುಂತೀವಿ ಅಲ್ವಾ?” ಎಂದ ನಾಗರಾಜ. ಅಲ್ಲಿಗೆ ಕಾರಿನ ಮಾತು ಮುಗಿಯಿತು.

ಹೊಣಕೆರೆ ಮುಟ್ಟಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಊರ ಬಾಗಿಲಲ್ಲೇ ಚಿಕ್ಕಸ್ವಾಮಿ ಹೊಸ ಪಂಚೆ ಉಟ್ಟು ದಾರಿ ನೋಡುತ್ತ ನಿಂತಿದ್ದ. ಜೀವನದಲ್ಲಿ ಮೊದಲ ಸಲ ಕಾಯುವ ಪಾಳಿ ಅವನದು. ಗಾಡಿ ಕಂಡದ್ದೇ ಎರಡೂ ಕೈ ಮೇಲೆತ್ತಿದ. ರಂಜಿತ ವೇದಿಕೆ ಹತ್ತಿ ಕೂತು, ಫೋಟೋದವನು ಕ್ಯಾಮೆರಾ ಎತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬೀಗರ ಸಾಲಿನಲ್ಲಿ ಗುಜುಗುಜು ಏಳುವ ಮೊದಲೇ ಲಲಿತಮ್ಮ ಜನರೇಟರಿಗೆ ಜೀವ ಕೊಟ್ಟಳು. ಇಡೀ ಶಾಮಿಯಾನ ಝಗ್ಗೆಂದು ಬೆಳಗಿತು. ರಂಜಿತ ವೇದಿಕೆಯಿಂದಲೇ ಕೈಬೀಸಿದಳು. ಲಲಿತಮ್ಮನ ಎದೆ ತುಂಬಿ ಬಂತು.

ಚಿಕ್ಕಸ್ವಾಮಿ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೊಕ್ಕೆಯನ್ನು ಕೈಯಿಂದ ಸವರಿದ. “ಇಂಥಾ ಉಕ್ಕ ನಾನು ನೋಡೇ ಇಲ್ಲ ಕಣ್ ಲಲಿತಮ್ಮ. ಯಾವ ಕಂಪ್ನಿದು?”

“ನಮ್ಮನೆಯೋರ ಕಂಪ್ನಿ” ಎಂದಳು ಲಲಿತಮ್ಮ, ಹತ್ತು ಜನಕ್ಕೆ ಕೇಳುವಂತೆ.

ಚಿಕ್ಕಸ್ವಾಮಿ ಎದ್ದು ನಾಗರಾಜನ ಕೈ ಹಿಡಿದುಕೊಂಡ. “ಆಚಾರ್ರೇ, ನನ್ ಟ್ರಾಕ್ಟರ್ಗೂ ಇಂಥದೇ ಒಂದ ಮಾಡ್ಕೊಡಿ. ನಿಮ್ಮಪ್ಪಾರು ಬಡುದ್ ಗುಳ ಇನ್ನೂವೆ ನಮ್ಮಟ್ಟೀಲದೆ.”

ನಾಗರಾಜ ಮಸಿ ಹೋಗದ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಹೇಳಿದ: “ಮಾಡ್ಕೊಡ್ತೀನಿ ಬನ್ನಿ, ಕುಲುಮೆ ಅಚ್ಚೇ ಮಡ್ಗಿರ್ತೀನಿ. ಆದ್ರೆ ಬತ್ತೀನಿ ಅಂದ್ ಒತ್ಗೆ ಬರ್ಬೇಕು.”

ನಗುವೋ ನಗು! ಚಿಕ್ಕಸ್ವಾಮಿಯೇ ಎಲ್ಲರಿಗಿಂತ ಜೋರಾಗಿ ನಕ್ಕು, ಗಂಡ ಹೆಂಡತಿ ಇಬ್ಬರನ್ನೂ ಊಟದ ಪಂಕ್ತಿಗೆ ಕೈಹಿಡಿದು ಎಳೆದುಕೊಂಡು ಹೋದ. ಅಣ್ಣಮ್ಮ ಆಗಲೇ ಅಲ್ಲಿ ಕೂತು ಎರಡು ಎಲೆ ಹಿಡಿದಿಟ್ಟಿದ್ದಳು. ಜನರೇಟರ್ ಲಲಿತಮ್ಮ ಅಷ್ಟು ವರ್ಷದಲ್ಲಿ ಮೊದಲ ಸಲ ಮೊದಲನೇ ಪಂಕ್ತಿಯಲ್ಲಿ ಕೂತು, ಬಿಸಿ ಬಿಸಿ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಊಟ ಮಾಡಿದಳು.