ಹಗೇವಿನ ಬಾಯಲ್ಲಿ ನಿಂತವನು

ಬೆಳಿಗ್ಗೆ ಒಂಬತ್ತೂವರೆಗೆ ಹಗೇವಿನೊಳಗಿಂದ ತಮ್ಮನ ದನಿ ನಿಂತಿತು.

ಹಗೇವು ಅಂದರೆ ನೆಲದಡಿ ಜೋಳ ತುಂಬಿಡುವ ಆಳದ ಕಣಜ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎ. ಮುಗಿಸಿ ಅಲ್ಲೇ ಕಚೇರಿ ಸೇರಿದ್ದ ನಾನು ರಜೆಗೆ ನಮ್ಮೂರು ಶಲವಡಿಗೆ ಬಂದಿದ್ದೆ. ಹೊಲ ನೋಡಿಕೊಳ್ಳುತ್ತಿದ್ದವನು ತಮ್ಮ.

ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಬಾಯಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಮೊದಲು ಕಂದೀಲು ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಹಿಂದಿನ ದಿನ ಹಾಗೇ ಮಾಡಿ ಅರ್ಧ ಜೋಳ ತೆಗೆದಿದ್ದೆವು. ಸಂಜೆ ಮೋಡ ಕವಿದದ್ದರಿಂದ ಮತ್ತೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದೆವು. ಬೆಳಿಗ್ಗೆ ಕಲ್ಲು ಸರಿಸಿದಾಗ, ಅದು ಮತ್ತೆ ಮುಚ್ಚಿದ ಹಗೇವೆಂದು ನಮಗೆ ಹೊಳೆಯಲಿಲ್ಲ.

ನಮ್ಮ ಚಿಕ್ಕಪ್ಪನ ಹೆಂಡತಿ ಕಾಕು ಮಾತ್ರ ತಮ್ಮನ ನಡುವಿಗೆ ಹಗ್ಗ ಬಿಗಿಯುತ್ತ, "ತಡಿ, ಕಂದೀಲು ತರ್ತೀನಿ" ಅಂದಳು.

"ನಿನ್ನಿ ಇಳಿದದ್ದ ಹಗೇವು ಬೇ ಕಾಕು. ಇವತ್ತೇನ ಕಂದೀಲು?" ಅಂದ ತಮ್ಮ.

ಅವನ ಬೆನ್ನ ಮೇಲೆ ಕೆಂಪು ಟವೆಲ್ಲು, ತುದಿಗಳು ಕತ್ತಿನ ಬಳಿ ಗಂಟು. ಹಿಂದಿನ ದಿನ ಅಟ್ಟದ ಮೇಲೆ ಚೀಲ ಹುಡುಕುವಾಗ ನಮ್ಮ ಚಿಕ್ಕಂದಿನ ವಾರಪತ್ರಿಕೆಗಳ ಕಟ್ಟು ಸಿಕ್ಕಿತ್ತು. ಪ್ರತಿಯೊಂದರ ಕೊನೆಯ ಪುಟದಲ್ಲೂ, ಬೆನ್ನಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ಹಾರುವ ವೀರನ ಚಿತ್ರಕಥೆ. ಅದಕ್ಕಾಗಿ ನಾವು ಜಗಳಾಡಿ ಪುಟ ಹರಿದದ್ದೂ ಉಂಟು.

"ಇಳೀತೀಯೋ, ಹಾರ್ತೀಯೋ?" ಅಂತ ಕೇಳಿದೆ.

"ಮೊದಲ ಇಳೀತೀನಿ. ನೀ ಆಚೆ ಸರಕೋ ಸಾಹೇಬ, ಪ್ಯಾಂಟ್ ಮಣ್ಣಾದೀತು."

ನಾನು ನಗುತ್ತ ಹಗ್ಗ ಹಿಡಿದೆ. ಕಾಕು ಕಂದೀಲಿಗೆಂದು ಒಳಗೆ ಹೋದಳು. ಕೆಳಗಿನಿಂದ ಏನೋ ಹಾಡಿನಂಥ ಗುನುಗು ಬಂತು, ಆಮೇಲೆ ಒಂದು ಕೆಮ್ಮು. ಆಮೇಲೆ ಏನೂ ಇಲ್ಲ.

ನಾನು ಅವನನ್ನು ಕೂಗಲಿಲ್ಲ. ಹಗ್ಗ ಎಳೆಯಲಿಲ್ಲ. ಆ ಕಪ್ಪು ಬಾಯನ್ನೇ ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಇವತ್ತಿಗೂ ಅಷ್ಟು ಹೊತ್ತು ಮತ್ತೆ ಮತ್ತೆ ನಿಲ್ಲುತ್ತೇನೆ.

"ಎಳಿಯೋ! ಏನ್ ನೋಡ್ಕೋತ ನಿಂತೀ?" ಕಾಕು ಕಂದೀಲು ಬಿಸಾಕಿ ನನ್ನ ಕೈಯಿಂದ ಹಗ್ಗ ಕಸಿದುಕೊಂಡಳು. ಅವಳ ಕೂಗಿಗೆ ಬಾಜು ಮನೆಯವರು ಓಡಿ ಬಂದರು. ಮೇಲೆ ಬಂದ ತಮ್ಮನ ತುಟಿ ನೀಲಿಯಾಗಿತ್ತು. ಮೊರದಿಂದ ಗಾಳಿ ಹಾಕಿ, ಮುಖಕ್ಕೆ ನೀರು ಹೊಡೆದ ಮೇಲೆ ಉಸಿರು ಎಳೆದುಕೊಂಡ.

ಮಧ್ಯಾಹ್ನ ಬಂದವರಿಗೆಲ್ಲ ಕಾಕು, "ನಮ್ಮ ಬಿ.ಎ. ಅಗದಿ ಗೂಟದಂಗ ನಿಂತಿತ್ರೀ" ಎಂದು ಹೇಳಿದಳು. ಜೀವ ಉಳಿದ ಸಂತೋಷಕ್ಕೆ ಎಲ್ಲರೂ ನಕ್ಕರು. ಮಂಚದ ಮೇಲಿದ್ದ ತಮ್ಮನೂ ನಕ್ಕ. "ಅಣ್ಣಾ, ಆ ಹಳೇ ಪೇಪರ್ ಕೊಡ" ಅಂದ.

ಅವನ ಪಕ್ಕ ಕೂತು ಪುಟ ತಿರುವಿದೆ. ಚಿಕ್ಕವನಿದ್ದಾಗ ನನ್ನ ಕಣ್ಣು ವೀರನನ್ನು ಬಿಟ್ಟು ಕದಲುತ್ತಿರಲಿಲ್ಲ. ಈಗ ಚೌಕಟ್ಟಿನ ಕೆಳಗಿನ ಮೂಲೆ ಕಂಡಿತು. ಪ್ರತಿ ವಾರವೂ ಅಲ್ಲಿ ಜನ. ಬಾಯಿ ತೆರೆದು, ಕೈ ಜೋಲು ಬಿಟ್ಟು ನಿಂತವರು. ಮನೆ ಸುಡುತ್ತಿದ್ದರೂ ಅಷ್ಟೇ, ಕೂಸು ಹೊಳೆಗೆ ಬಿದ್ದಿದ್ದರೂ ಅಷ್ಟೇ. ಅವರಿಗೆ ಚಿತ್ರಗಾರ ಕಣ್ಣು ಮೂಗು ಕೂಡ ಸರಿಯಾಗಿ ಬರೆದಿರಲಿಲ್ಲ. ನಾನು ಅವರಲ್ಲೊಬ್ಬ. ತಮ್ಮ ಮೇಲಿನ ಚಿತ್ರ ನೋಡಿ ನಗುತ್ತಿದ್ದ. ನನಗೆ ಮುಖ ಎತ್ತಲಾಗಲಿಲ್ಲ.

ಮುಂದಿನ ರಾತ್ರಿಗಳಲ್ಲಿ ಎದ್ದೆದ್ದು ಅವನ ಉಸಿರು ಕೇಳುತ್ತಿದ್ದೆ.

ಉಳಿದ ಜೋಳ ಕೆಡುವುದರಲ್ಲಿತ್ತು. ಒಂದು ಬೆಳಿಗ್ಗೆ ತಮ್ಮ ಹಗೇವಿನ ತನಕ ಹೋಗಿ, ಬಣ್ಣಗೆಟ್ಟು ಮರಳಿದ. "ಇವತ್ತ ಬ್ಯಾಡ ಬೇ ಕಾಕು, ತಲಿ ನೋಯಾಕತ್ತೈತಿ" ಅಂದ. ಅವನಿಗೆ ತಲೆನೋವಿರಲಿಲ್ಲ. ಅದು ನನಗೆ ಗೊತ್ತು, ಕಾಕುಗೂ ಗೊತ್ತು.

"ನಾ ಇಳೀತೀನಿ" ಅಂದೆ.

ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪ್ಯಾಂಟ್ ತಗದು ಪಂಜಿ ಉಟ್ಕೋ ಹಂಗಾದ್ರ."

ಅವತ್ತು ಮೊದಲು ಕಂದೀಲು ಇಳಿಸಿದೆವು, ದೀಪ ಆರಲಿಲ್ಲ. ಮೇಲಿನಿಂದ ತಮ್ಮ ಬಿಡದೆ ಕೂಗುತ್ತಿದ್ದ, "ಅಣ್ಣಾ, ಮಾತಾಡು! ಏನರ ಮಾತಾಡು!" ಬುಟ್ಟಿ ತುಂಬುತ್ತ ನಾನು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ: ಕಚೇರಿಯ ಸುದ್ದಿ, ಖಾನಾವಳಿಯ ಸಾರಿನ ಸುದ್ದಿ. ಕೊನೆಯ ಬುಟ್ಟಿ ಹೋದ ಮೇಲೆ ಅವನೇ ನನ್ನನ್ನು ಎಳೆದುಕೊಂಡ. ನಾನು ಮೇಲೆ ಬಂದ ಮೇಲೂ ಹಗ್ಗ ಬಿಡಲಿಲ್ಲ.

ಅವತ್ತು ರಾತ್ರಿ ಉಂಡು ಇಬ್ಬರೂ ಪಡಸಾಲೆಯಲ್ಲಿ ಮಲಗಿದೆವು. ನನಗೆ ಎಚ್ಚರವಾದಾಗ ಅಂಗಳದಲ್ಲಿ ಬಿಸಿಲು ಬಂದಿತ್ತು, ತಮ್ಮ ಇನ್ನೂ ಗೊರಕೆ ಹೊಡೆಯುತ್ತಿದ್ದ.